ಜಿರಳೆಗೆ ಸಿಹಿ ಯಾಕೆ ಬೇಡವಾಯಿತು? – ನಿಮ್ಮ ಪ್ರಶ್ನೆ, ಜೀವಲೋಕದ ಉತ್ತರ

ಈ ಸಲದ ಪತ್ರಗಳಲ್ಲಿ ಅರ್ಧಕ್ಕೂ ಜಾಸ್ತಿ ಒಂದೇ ವಿಷಯದ ಸುತ್ತ ಇವೆ: ಜೀವಿಗಳು ಹೇಗೆ ಚಲಿಸುತ್ತವೆ, ಹೊಸ ಪರಿಸ್ಥಿತಿಗೆ ಹೇಗೆ ಒಗ್ಗಿಕೊಳ್ಳುತ್ತವೆ. ಉತ್ತರ ಹೇಳುವಾಗ ನಾನು ಒಂದು ಮಾತನ್ನು ಪದೇ ಪದೇ ಕೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಬದಲಾದದ್ದು ಯಾರು, ಆ ಒಂದು ಜೀವವಾ, ಇಲ್ಲ ಅದರ ಸಂತಾನವಾ? ಎಷ್ಟು ಹೊತ್ತಿನಲ್ಲಿ? ಕಾಲೇಜಿನ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಹುಡುಗರನ್ನು ಇದೇ ಪ್ರಶ್ನೆ ಕೇಳಿ ಗೋಳು ಹುಯ್ದುಕೊಂಡವಳು ನಾನು. ನಿವೃತ್ತಿಯಾದ ಮೇಲೂ ಚಟ ಬಿಟ್ಟಿಲ್ಲ.

ಪ್ರಶ್ನೆ: ಅಡುಗೆಮನೆ ಮೂಲೆಗಳಿಗೆಲ್ಲ ಜಿರಳೆ ಜೆಲ್ ಹಾಕಿಸಿದ್ದೆವು. ಮೊದಮೊದಲು ಚೆನ್ನಾಗಿ ಕೆಲಸ ಮಾಡಿತು. ಈಗ ಸಣ್ಣ ಜಿರಳೆಗಳು ಜೆಲ್ ಪಕ್ಕದಲ್ಲೇ ಓಡಾಡುತ್ತವೆ, ಬಾಯಿ ಹಾಕುವುದಿಲ್ಲ. ಸತ್ತವನ್ನು ನೋಡಿ ಬುದ್ಧಿ ಕಲಿತವಾ?
– ಗೃಹಿಣಿ, ಎಚ್‌ಎಸ್‌ಆರ್ ಲೇಔಟ್

ಜಿರಳೆ ಅಲ್ಪಸ್ವಲ್ಪ ಕಲಿಯಬಲ್ಲದು. ಆದರೆ ಇದರ ಹಿಂದೆ ಬೇರೆ ಕತೆ ಇರಬಹುದು, ನನ್ನ ಪ್ರಕಾರ ಇನ್ನೂ ಸ್ವಾರಸ್ಯದ ಕತೆ.

ತಲೆಯ ಹಿಂದೆ ಎರಡು ಕಪ್ಪು ಗೆರೆ ಇರುವ ಆ ಸಣ್ಣ ಕಂದು ಜಿರಳೆಗೆ ಜರ್ಮನ್ ಜಿರಳೆ ಎಂದು ಹೆಸರು. ಬಚ್ಚಲಿನಿಂದ ಹಾರಿ ಬಂದು ಮನೆಮಂದಿಯನ್ನೆಲ್ಲ ಮಂಚ ಹತ್ತಿಸುವ ದೊಡ್ಡದು ಬೇರೆ ಜಾತಿ. ಅಮೆರಿಕದಲ್ಲಿ 1980ರ ದಶಕದ ನಡುವೆ ಈ ಸಣ್ಣ ಜಿರಳೆಗೆ ಸ್ಪ್ರೇ ಬಿಟ್ಟು ತಿನ್ನಿಸುವ ವಿಷ ಇಡತೊಡಗಿದರು. ವಿಷದ ಜೊತೆ ಆಸೆ ಹುಟ್ಟಿಸಲು ಗ್ಲೂಕೋಸ್ ಇರುವ ಸಿಹಿ. ಕೆಲವೇ ವರ್ಷ ಕಳೆಯುವಷ್ಟರಲ್ಲಿ ಫ್ಲಾರಿಡಾದಲ್ಲಿ ಅದನ್ನು ಮೂಸಿಯೂ ನೋಡದ ಜಿರಳೆಗಳು ಸಿಕ್ಕವು. ಜೂಲ್ಸ್ ಸಿಲ್ವರ್‌ಮನ್ ಎಂಬ ಕೀಟವಿಜ್ಞಾನಿ ವಿಷವನ್ನೇ ತೆಗೆದು ಬರೀ ಗ್ಲೂಕೋಸ್ ಇಟ್ಟು ನೋಡಿದರು. ಆಗಲೂ ಬೇಡ. ಹಣ್ಣಿನ ಸಕ್ಕರೆ ಫ್ರಕ್ಟೋಸ್ ಇಟ್ಟರೆ ಸಲೀಸಾಗಿ ತಿಂದವು. ವಿಷವನ್ನು ಕಂಡೇ ಇಲ್ಲದ ಮರಿಗಳೂ ಗ್ಲೂಕೋಸನ್ನು ದೂರ ಇಟ್ಟವು. ಅಂದರೆ ಇದು ಅನುಭವದಿಂದ ಬಂದದ್ದಲ್ಲ, ಹುಟ್ಟಿನಿಂದ ಬಂದದ್ದು. ಇದು ವರದಿಯಾದದ್ದು 1993ರಲ್ಲಿ.

ಒಳಗೆ ಏನಾಗಿದೆ ಎಂದು ಗೊತ್ತಾಗಲು ಇನ್ನೂ ಇಪ್ಪತ್ತು ವರ್ಷ ಹಿಡಿಯಿತು. ಜಿರಳೆಯ ಬಾಯಿಯ ಸುತ್ತ ರುಚಿ ನೋಡುವ ಸಣ್ಣ ರೋಮಗಳಿವೆ. ಪ್ರತಿ ರೋಮದೊಳಗೆ ಸಿಹಿಗೆ ಒಂದು ನರಕೋಶ, ಕಹಿಗೆ ಒಂದು. 2013ರಲ್ಲಿ ಕಂಡದ್ದು ಏನೆಂದರೆ, ಈ ಜಿರಳೆಗಳಲ್ಲಿ ಗ್ಲೂಕೋಸ್ ಸೋಕಿದರೆ ಕಹಿಯ ನರಕೋಶವೂ ಎದ್ದು ಕೂಗುತ್ತದೆ. ನಮಗೆ ಸಿಹಿಯಾದದ್ದು ಅವಕ್ಕೆ ಕಹಿ. ಯಾರೂ ಅವಕ್ಕೆ ಹೇಳಿಕೊಟ್ಟಿಲ್ಲ. ಇಂಥ ಬಾಯಿ ಇದ್ದ ಒಂದೆರಡು ಜಿರಳೆ ಎಲ್ಲೋ ಮೊದಲೇ ಇದ್ದಿರಬೇಕು. ಜೆಲ್ ಬರುವವರೆಗೆ ಅದರಿಂದ ಅವಕ್ಕೆ ಲಾಭ ಏನೂ ಇರಲಿಲ್ಲ, ಊಟದಲ್ಲಿ ನಷ್ಟವೇ. ಜೆಲ್ ಬಂದ ದಿನ ಲೆಕ್ಕ ತಿರುಗಿತು. ಸಿಹಿಬಾಯಿಯವು ತಿಂದು ಸತ್ತವು, ಉಳಿದವು ಮರಿ ಹಾಕಿದವು. ಒಂದು ಮೊಟ್ಟೆಚೀಲದಲ್ಲಿ 30–40 ಮೊಟ್ಟೆ. ಎರಡು ಮೂರು ತಿಂಗಳಲ್ಲಿ ಆ ಮರಿಗಳೇ ದೊಡ್ಡವಾಗುತ್ತವೆ. ಹಾಗಾಗಿ ಯಾವ ಜಿರಳೆಯೂ ಬದಲಾಗಲಿಲ್ಲ. ನಿಮ್ಮ ಗ್ಯಾಸ್ ಕಟ್ಟೆಯ ಕೆಳಗಿನ ಸಂಸಾರ ಬದಲಾಯಿತು.

ಇದಕ್ಕೆ ಅವು ತೆತ್ತ ಬೆಲೆಯೂ ಇದೆ. ಕೂಡುವ ಮುಂಚೆ ಗಂಡು ಜಿರಳೆ ರೆಕ್ಕೆ ಎತ್ತಿ ಬೆನ್ನಿನ ಮೇಲೆ ಒಸರುವ ಸಿಹಿಯನ್ನು ಹೆಣ್ಣಿಗೆ ನೆಕ್ಕಲು ಕೊಡುತ್ತದೆ. ಅದರಲ್ಲಿರುವ ಮಾಲ್ಟೋಸ್ ಹೆಣ್ಣಿನ ಎಂಜಲು ತಾಗಿದ ಕೂಡಲೇ ಗ್ಲೂಕೋಸ್ ಆಗುತ್ತದೆ. ಗ್ಲೂಕೋಸ್ ಒಲ್ಲದ ಹೆಣ್ಣು ಅರ್ಧಕ್ಕೇ ಮುಖ ತಿರುಗಿಸಿ ಹೊರಟುಬಿಡುತ್ತದೆ. ಇದು 2022ರಲ್ಲಿ ಬಂದ ಸುದ್ದಿ. ಓದಿ ನಾನು ಒಬ್ಬಳೇ ನಕ್ಕಿದ್ದೆ.

ನಿಮ್ಮ ಮನೆಯವು ಇದೇ ಕಾರಣಕ್ಕೆ ಜೆಲ್ ಬಿಟ್ಟಿವೆಯೋ, ಜೆಲ್ ಒಣಗಿ ಕಲ್ಲಾಗಿದೆಯೋ, ಇಲ್ಲಿ ಕೂತು ಹೇಳಲಾರೆ. ಒಂದೇ ಜೆಲ್ ವರ್ಷಗಟ್ಟಲೆ ಹಾಕಿಸಬೇಡಿ. ವಿಷವೂ ಬೇರೆ, ಅದನ್ನು ಕಲಸಿದ ತಿನಿಸೂ ಬೇರೆ ಇರುವುದನ್ನು ಕೇಳಿ ಹಾಕಿಸಿ. ರಾತ್ರಿ ಸಿಂಕ್ ಒಣಗಿಸಿ ಮಲಗಿ.

ಇನ್ನೊಂದು ಮಾತು. ಹೆಸರು ಜರ್ಮನ್ ಆದರೂ ಅದರ ತವರು ನಮ್ಮ ಕಡೆಯೇ. 2024ರಲ್ಲಿ ಬಂದ ಡಿಎನ್‌ಎ ಅಧ್ಯಯನದ ಪ್ರಕಾರ ಸುಮಾರು 2,100 ವರ್ಷದ ಹಿಂದೆ ಭಾರತದಲ್ಲೋ ಮ್ಯಾನ್ಮಾರ್‌ನಲ್ಲೋ ಏಷ್ಯನ್ ಜಿರಳೆಯಿಂದ ಇದು ಕವಲೊಡೆದು, ಮನುಷ್ಯರ ಮನೆ ಸೇರಿತು. ಸುಮಾರು 1,200 ವರ್ಷದ ಹಿಂದೆ ಪಶ್ಚಿಮಕ್ಕೆ, ಅರಬ್ಬರ ನಾಡಿಗೆ ಹೋಯಿತು. ಯುರೋಪಿನವರ ಹಡಗಿನ ಕಾಲದಲ್ಲಿ ಇನ್ನೂ ದೂರ. ಆರು ಕಾಲಿದ್ದರೂ ಅಷ್ಟು ದೂರ ನಡೆದದ್ದಲ್ಲ, ನಮ್ಮ ಗಂಟುಮೂಟೆಯಲ್ಲಿ ಕೂತು ಹೋದದ್ದು.

ಪ್ರಶ್ನೆ: ಮಳೆ ಬರುವ ಮುಂಚೆ ನಮ್ಮ ರಸ್ತೆಯ ದೊಡ್ಡ ಮರ ಎಲೆ ಮಡಚಿಕೊಳ್ಳುತ್ತದೆ. ಮರಕ್ಕೆ ಮಳೆ ಬರುವುದು ಮೊದಲೇ ಗೊತ್ತಾಗುತ್ತದಾ?
– ಬೆಳಗಿನ ವಾಕಿಂಗ್‌ನವರೊಬ್ಬರು, ಜಯನಗರ

ಮಳೆಮರ ಇರಬೇಕು. ದಕ್ಷಿಣ, ಮಧ್ಯ ಅಮೆರಿಕದಿಂದ ಬಂದು ನಮ್ಮ ಹಳೆಯ ರಸ್ತೆಗಳಿಗೆ ಚಪ್ಪರ ಹಾಕಿದ ಮರ. ಕಬ್ಬನ್ ಪಾರ್ಕಿಗೆ ಸಂಜೆ ಐದೂವರೆಗೆ ಹೋಗಿ ಒಂದು ಕೊಂಬೆಯನ್ನೇ ನೋಡುತ್ತಾ ಕೂತರೆ ಮಡಚುವುದು ಕಣ್ಣಿಗೇ ಕಾಣುತ್ತದೆ. ಅದಕ್ಕೆ ಗೊತ್ತಾಗುವುದು ಮಳೆ ಅಲ್ಲ, ಬೆಳಕು. ಮೋಡ ಕವಿದು ಬೆಳಕು ಇಳಿದರೆ ಎಲೆ ಮಡಚುತ್ತದೆ.

ಪ್ರತಿ ಕಿರುಎಲೆಯ ಬುಡದಲ್ಲಿ ಒಂದು ಸಣ್ಣ ಉಬ್ಬು ಇದೆ. ಅದರ ಒಂದು ಬದಿಯ ಕೋಶಗಳಿಂದ ಪೊಟ್ಯಾಸಿಯಂ ಹೊರಗೆ ಬಿದ್ದರೆ ಹಿಂದೆಯೇ ನೀರೂ ಹೊರಗೆ. ಆ ಬದಿ ಸೊರಗಿ, ಇನ್ನೊಂದು ಬದಿ ಉಬ್ಬಿ, ಎಲೆ ಬಾಗುತ್ತದೆ. ಮುಟ್ಟಿದರೆ ಮುನಿಯಲ್ಲೂ ಹೀಗೇ, ಆದರೆ ಸೆಕೆಂಡುಗಳಲ್ಲಿ. ಸ್ನಾಯು ಇಲ್ಲ, ನರ ಇಲ್ಲ, ನೀರಿನ ಒತ್ತಡವೊಂದೇ. ಇದರ ಜೊತೆ ಒಳಗೊಂದು ಗಡಿಯಾರವೂ ಓಡುತ್ತಿರುತ್ತದೆ. 1729ರಲ್ಲಿ ಫ್ರಾನ್ಸಿನ ದ ಮೆರಾನ್ ಇಂಥದೇ ಮುದುಡುವ ಗಿಡವನ್ನು ಕತ್ತಲಲ್ಲಿಟ್ಟರು. ಬೆಳಕಿಲ್ಲದಿದ್ದರೂ ಅದು ಹೊತ್ತು ಹೊತ್ತಿಗೆ ಎಲೆ ತೆರೆಯಿತು, ಮುಚ್ಚಿತು.

ಪ್ರಶ್ನೆ: ಬ್ಯಾಕ್ಟೀರಿಯಾಗೆ ಕಣ್ಣಿಲ್ಲ, ಮೆದುಳಿಲ್ಲ. ಆಹಾರ ಯಾವ ಕಡೆ ಇದೆ ಅಂತ ಹೇಗೆ ಗೊತ್ತಾಗುತ್ತದೆ? ನಮ್ಮ ಪುಸ್ತಕದಲ್ಲಿ 'ಆಹಾರದ ಕಡೆಗೆ ಚಲಿಸುತ್ತದೆ' ಅಂತ ಒಂದೇ ಸಾಲಿದೆ.
– ದ್ವಿತೀಯ ಪಿಯುಸಿ ವಿದ್ಯಾರ್ಥಿ, ವಿಜಯನಗರ

ಆ ಒಂದು ಸಾಲಿನ ಮೇಲೆ ನನಗೂ ಸಿಟ್ಟಿದೆ. ಕುಳಿತುಕೋ, ಹೇಳುತ್ತೇನೆ.

ನಮ್ಮ ಕರುಳಿನಲ್ಲಿರುವ ಇ. ಕೋಲೈ ತೆಗೆದುಕೊಳ್ಳೋಣ. ಉದ್ದ ಸುಮಾರು 2 ಮೈಕ್ರೋಮೀಟರ್, ಅಂದರೆ ಮಿಲಿಮೀಟರಿನ ಐನೂರನೇ ಒಂದು ಭಾಗ. ಮೈಯಿಂದ ನಾಲ್ಕಾರು ಉದ್ದನೆಯ ಎಳೆ ಹೊರಟಿವೆ. ಪ್ರತಿ ಎಳೆಯ ಬುಡದಲ್ಲೂ ನಿಜವಾಗಿ ತಿರುಗುವ ಮೋಟರ್ ಇದೆ, ಸೆಕೆಂಡಿಗೆ ನೂರು ಸುತ್ತಿಗೂ ಜಾಸ್ತಿ. ಎಲ್ಲ ಮೋಟರೂ ಎಡಕ್ಕೆ ತಿರುಗಿದರೆ ಎಳೆಗಳು ಒಟ್ಟಾಗಿ ಜಡೆಗಟ್ಟಿ ಬ್ಯಾಕ್ಟೀರಿಯಾವನ್ನು ಮುಂದೆ ನೂಕುತ್ತವೆ. ಒಂದೆರಡು ಮೋಟರ್ ಬಲಕ್ಕೆ ತಿರುಗಿದರೆ ಜಡೆ ಬಿಚ್ಚಿ, ಜೀವಿ ಇದ್ದಲ್ಲೇ ಹೊರಳಾಡುತ್ತದೆ. ಸುಮಾರು ಒಂದು ಸೆಕೆಂಡ್ ಓಟ, ಸೆಕೆಂಡಿನ ಹತ್ತನೇ ಒಂದು ಭಾಗ ಹೊರಳಾಟ, ಮತ್ತೆ ಓಟ. ಹೊರಳಿದ ಮೇಲೆ ಮೂತಿ ಯಾವ ಕಡೆ ತಿರುಗುತ್ತದೋ ಅದಕ್ಕೇ ಗೊತ್ತಿಲ್ಲ. ಹೋವರ್ಡ್ ಬರ್ಗ್ ಎಂಬ ವಿಜ್ಞಾನಿ ಒಂದೇ ಬ್ಯಾಕ್ಟೀರಿಯಾದ ಬೆನ್ನು ಹತ್ತುವ ಸೂಕ್ಷ್ಮದರ್ಶಕವನ್ನು ತಾವೇ ಕಟ್ಟಿ, 1972ರಲ್ಲಿ ಡಗ್ಲಸ್ ಬ್ರೌನ್ ಜೊತೆ ಇದನ್ನು ಅಳೆದು ತೋರಿಸಿದರು.

ಹಾಗಾದರೆ ಆಹಾರದ ಕಡೆ ಹೇಗೆ? ಗುಟ್ಟು ಇಲ್ಲಿದೆ. ತಲೆ ಹತ್ತಿರ ಎಷ್ಟು ಸಕ್ಕರೆ, ಬಾಲದ ಹತ್ತಿರ ಎಷ್ಟು ಅಂತ ಅದು ಹೋಲಿಸುವುದಿಲ್ಲ. ಅಷ್ಟು ಸಣ್ಣ ಮೈಯಲ್ಲಿ ಆ ವ್ಯತ್ಯಾಸ ಸಿಗುವುದೇ ಕಷ್ಟ. ಅದು ಈಗಿನದನ್ನು ಕೆಲವು ಸೆಕೆಂಡಿನ ಹಿಂದಿನದರ ಜೊತೆ ಹೋಲಿಸುತ್ತದೆ. ಈಗ ಜಾಸ್ತಿ ಇದೆಯಾ, ಹೊರಳಾಟ ಮುಂದೂಡು, ಓಡು. ಇಲ್ಲವಾ, ಎಂದಿನಂತೆ ಹೊರಳು. ಒಳ್ಳೆಯ ಕಡೆಯ ಓಟ ಸ್ವಲ್ಪ ಉದ್ದವಾಗುತ್ತದೆ. ಅಷ್ಟು ಸಾಕು. ದಿಕ್ಕೇ ತಿಳಿಯದೆ, ಅಡ್ಡಾದಿಡ್ಡಿ ಓಡುತ್ತಲೇ, ಊಟದ ಹತ್ತಿರ ಬಂದುಬಿಡುತ್ತದೆ.

ಕೆಲವು ಸೆಕೆಂಡಿನ ನೆನಪು ಎಲ್ಲಿದೆ? ಸಕ್ಕರೆ ಗುರುತಿಸುವ ಪ್ರೋಟೀನುಗಳ ಮೇಲೆ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ತುಣುಕುಗಳು ಕೂತುಕೊಳ್ಳುತ್ತವೆ, ಏಳುತ್ತವೆ. ಸಕ್ಕರೆ ಜಾಸ್ತಿಯಾಗಿ ಅಲ್ಲೇ ನಿಂತರೆ ನಿಧಾನವಾಗಿ ತುಣುಕುಗಳು ಹೆಚ್ಚಿ, ಪ್ರೋಟೀನು 'ಇದೇ ಮಾಮೂಲು' ಎಂಬ ಸ್ಥಿತಿಗೆ ಬರುತ್ತದೆ. ಅಲ್ಲಿಂದ ಮೇಲೆ ಹೋದರೆ ಮಾತ್ರ ಮತ್ತೆ ಖುಷಿ. ಸಂಬಳ ಏರಿದ ಮೂರನೇ ತಿಂಗಳಿಗೆ ನಾವು ಮಾಡುವುದೂ ಇದೇ ಅಂತ ನಮ್ಮನೆಯವರು ಹೇಳುತ್ತಾರೆ. ಇರಲಿ. ಇಲ್ಲಿ ಒಗ್ಗಿಕೊಂಡದ್ದು ಒಂದೇ ಕೋಶ, ಸೆಕೆಂಡುಗಳ ಲೆಕ್ಕದಲ್ಲಿ. ಅದರ ಮರಿಗೆ ಇದೇನೂ ದಾಟುವುದಿಲ್ಲ. ಮೇಲಿನ ಜಿರಳೆ ಕತೆ ಜೊತೆ ಇಟ್ಟು ನೋಡು.

ಇನ್ನೊಂದು ವಿಷಯ ನಿನ್ನ ಭೌತಶಾಸ್ತ್ರದ ಮೇಷ್ಟ್ರಿಗೆ ಇಷ್ಟವಾಗುತ್ತದೆ. ಆ ಗಾತ್ರದ ಜೀವಿಗೆ ನೀರು ನಮಗೆ ಕಂಡಂತೆ ಇರುವುದಿಲ್ಲ. ನಾವು ಜೋನಿಬೆಲ್ಲದ ಕೊಳಗದಲ್ಲಿ ಈಜಿದ ಹಾಗೆ. ಮೋಟರ್ ನಿಂತರೆ ಬ್ಯಾಕ್ಟೀರಿಯಾ ಆ ಕ್ಷಣವೇ ನಿಲ್ಲುತ್ತದೆ. ಜಾರಿಕೊಂಡು ಹೋಗುವ ದೂರ ಒಂದು ಪರಮಾಣುವಿನ ಅಗಲಕ್ಕಿಂತ ಕಡಿಮೆ. ಎಡ್ವರ್ಡ್ ಪರ್ಸೆಲ್ ಎಂಬ ನೊಬೆಲ್ ಪಡೆದ ಭೌತವಿಜ್ಞಾನಿ 1976ರಲ್ಲಿ ಇದರ ಮೇಲೆ ಒಂದು ಉಪನ್ಯಾಸವನ್ನೇ ಕೊಟ್ಟರು.

ಬ್ಯಾಕ್ಟೀರಿಯಾ ಕಾಲೇಜಿನ ಮೈಕ್ರೋಸ್ಕೋಪಿನಲ್ಲಿ ಚೆನ್ನಾಗಿ ಕಾಣುವುದಿಲ್ಲ. ಪ್ಯಾರಮೀಸಿಯಂ ನೋಡು. ಒಣಹುಲ್ಲು ಕುದಿಸಿ ಆರಿಸಿದ ನೀರಿಗೆ ಕೊಳದ ನೀರು ಸ್ವಲ್ಪ ಸೇರಿಸಿ ಬಾಯಿ ತೆರೆದ ಬಾಟಲಿಯಲ್ಲಿ ಇಡಬೇಕು. ನಾವು ಲಾಲ್‌ಬಾಗ್ ಕೆರೆಯ ಅಂಚಿನ ನೀರು ತರುತ್ತಿದ್ದೆವು. ಮೇಲೆ ತೆಳ್ಳಗೆ ಕೆನೆ ಕಟ್ಟಿ, ಲ್ಯಾಬೆಲ್ಲ ಹುಳಿ ವಾಸನೆ ಹೊಡೆಯುವ ಹೊತ್ತಿಗೆ ಸಿದ್ಧ ಅಂತ ಅರ್ಥ. ಕೆನೆಯ ಕೆಳಗಿನ ಒಂದು ಹನಿ ಗಾಜಿನ ಮೇಲೆ ಹಾಕಿ, ಹತ್ತಿಯ ಎರಡು ಎಳೆ ಬಿಡು. ಇಲ್ಲದಿದ್ದರೆ ಸರ್ರನೆ ಓಡಿ ಕಣ್ಣಿಂದ ಮರೆಯಾಗುತ್ತದೆ, ಸೆಕೆಂಡಿಗೆ ಒಂದು ಮಿಲಿಮೀಟರ್ ಹತ್ತಿರದ ವೇಗ. ಉರುಳುತ್ತಾ ಬಂದು ಮೂತಿ ಹತ್ತಿಗೆ ತಾಗುತ್ತದೆ. ತಾಗಿದ ಕೂಡಲೇ ಮೈಮೇಲಿನ ರೋಮಗಳೆಲ್ಲ ಉಲ್ಟಾ ಬಡಿಯುತ್ತವೆ, ಹಿಂದೆ ಸರಿಯುತ್ತದೆ. ನಿಂತು, ಹಿಂಭಾಗ ಊರಿ ಮೂತಿ ಸ್ವಲ್ಪ ತಿರುಗಿಸಿ, ಮತ್ತೆ ಮುಂದೆ. ಮತ್ತೆ ತಾಗಿದರೆ ಮತ್ತೆ ಹಿಂದೆ. ದಾರಿ ಸಿಗುವ ತನಕ ಅದೇ ಕೆಲಸ, ಬೇಸರವಿಲ್ಲ. ಮೂತಿ ತಾಗಿದಾಗ ಕೋಶದೊಳಗೆ ಕ್ಯಾಲ್ಸಿಯಂ ನುಗ್ಗುತ್ತದೆ, ರೋಮಗಳು ತಿರುಗಿ ಬಡಿಯುವುದು ಅದರಿಂದಲೇ. ವಿದ್ಯುತ್ ಸಂಕೇತ ನಮ್ಮ ನರದಲ್ಲಿ ಹರಿಯುವ ಬಗೆಯದೇ, ಆದರೆ ಇಡೀ ಪ್ರಾಣಿಯೇ ಒಂದು ಕೋಶ.

ಪ್ರಶ್ನೆ: ಶೀತ ಆದಾಗಲೆಲ್ಲ ಮೆಡಿಕಲ್ ಶಾಪಿನಲ್ಲಿ ಆ್ಯಂಟಿಬಯಾಟಿಕ್ ತಗೊಂಡು ತಗೊಂಡು ನನ್ನ ದೇಹ ಅದಕ್ಕೆ ಒಗ್ಗಿಹೋಗಿದೆ. ಈಗ ಕೆಲಸವೇ ಮಾಡುವುದಿಲ್ಲ. ದೇಹವನ್ನು ಮತ್ತೆ ಮೊದಲಿನ ಹಾಗೆ ಮಾಡಬಹುದಾ?
– ಕಾರ್ಖಾನೆ ನೌಕರರು, ಪೀಣ್ಯ

ನಿಮ್ಮ ದೇಹ ಒಗ್ಗಿಲ್ಲ ಸ್ವಾಮಿ. ಬದಲಾಗುವುದು ಬ್ಯಾಕ್ಟೀರಿಯಾ. ಈ ತಪ್ಪು ಕಲ್ಪನೆ ಓದಿದವರಲ್ಲೂ ಇದೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೊದಲಿಗೆ, ಸಾಮಾನ್ಯ ಶೀತಕ್ಕೆ ಕಾರಣ ವೈರಸ್. ಆ್ಯಂಟಿಬಯಾಟಿಕ್ ಅದನ್ನು ಮುಟ್ಟುವುದೇ ಇಲ್ಲ, ಮೊದಲ ದಿನದಿಂದಲೂ ಮುಟ್ಟಿಲ್ಲ. ಅದು ಕೊಲ್ಲುವುದು ನಿಮ್ಮ ಗಂಟಲು, ಕರುಳಿನಲ್ಲಿ ತಮ್ಮ ಪಾಡಿಗೆ ಇದ್ದ ಬ್ಯಾಕ್ಟೀರಿಯಾಗಳನ್ನು. ಎಲ್ಲವನ್ನೂ ಅಲ್ಲ. ಔಷಧಕ್ಕೆ ಜಗ್ಗದ ಕೆಲವು ಉಳಿಯುತ್ತವೆ, ಖಾಲಿಯಾದ ಜಾಗವನ್ನು ತುಂಬುತ್ತವೆ.

ಜಗ್ಗದವು ಔಷಧ ನೋಡಿದ ಮೇಲೆ ಹುಟ್ಟಿದವಾ, ಮೊದಲೇ ಇದ್ದವಾ? 1943ರಲ್ಲಿ ಸಾಲ್ವಡೋರ್ ಲೂರಿಯಾ ಮತ್ತು ಮ್ಯಾಕ್ಸ್ ಡೆಲ್‌ಬ್ರುಕ್ ಇದನ್ನು ಬಗೆಹರಿಸಿದರು. ಬ್ಯಾಕ್ಟೀರಿಯಾವನ್ನು ಬೇರೆ ಬೇರೆ ನಳಿಗೆಗಳಲ್ಲಿ ಬೆಳೆಸಿ, ಆಮೇಲೆ ಅದನ್ನು ಕೊಲ್ಲುವ ವೈರಸ್ ಇರುವ ತಟ್ಟೆಗೆ ಸುರಿದರು. ವೈರಸ್ ಕಂಡ ಮೇಲೆಯೇ ಬದಲಾಗುವುದಾದರೆ ಎಲ್ಲ ತಟ್ಟೆಯಲ್ಲೂ ಬದುಕುಳಿದವು ಹೆಚ್ಚುಕಡಿಮೆ ಒಂದೇ ಲೆಕ್ಕದಲ್ಲಿ ಇರಬೇಕಲ್ವಾ? ಹಾಗಿರಲಿಲ್ಲ. ಹಲವು ತಟ್ಟೆ ಖಾಲಿ, ಕೆಲವದರಲ್ಲಿ ರಾಶಿ ರಾಶಿ. ಅಂದರೆ ಕೆಲವು ನಳಿಗೆಗಳಲ್ಲಿ ಆ ಬದಲಾವಣೆ ಮುಂಚೆಯೇ ಆಕಸ್ಮಿಕವಾಗಿ ಆಗಿ, ಮರಿ ಮೊಮ್ಮರಿಯಾಗಿ ಬೆಳೆದಿತ್ತು.

ಕಣ್ಣಾರೆ ನೋಡಬೇಕು ಅಂದರೆ 2016ರಲ್ಲಿ ಹಾರ್ವರ್ಡ್‌ನವರು ಮಾಡಿದ ಪ್ರಯೋಗದ ವಿಡಿಯೊ ಇದೆ. ಎರಡು ಅಡಿಗೆ ನಾಲ್ಕು ಅಡಿಯ ತಟ್ಟೆ. ಎರಡೂ ಅಂಚಿನಲ್ಲಿ ಔಷಧ ಇಲ್ಲ, ನಡುವಿನ ಕಡೆ ಹೋದಂತೆ ಪಟ್ಟೆ ಪಟ್ಟೆಯಾಗಿ ಔಷಧ ಏರುತ್ತದೆ. ಬ್ಯಾಕ್ಟೀರಿಯಾ ಬಿಳಿಯಾಗಿ ಹರಡಿ ಮೊದಲ ಗೆರೆಗೆ ಬಂದು ನಿಲ್ಲುತ್ತದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಒಂದು ಜಾಗದಿಂದ ಮಾತ್ರ ಬೀಸಣಿಗೆ ಬಿಚ್ಚಿಕೊಳ್ಳುತ್ತದೆ. ಗೆರೆ ದಾಟಿದ ಒಂದೇ ಒಂದು ಕೋಶದ ಮಕ್ಕಳು ಅವು. ಹೀಗೆ ಗೆರೆ ಗೆರೆ ದಾಟಿ, ಹನ್ನೊಂದು ದಿನದೊಳಗೆ ಸಾವಿರ ಪಟ್ಟು ಔಷಧ ಇರುವ ನಡುಪಟ್ಟೆ ಮುಟ್ಟಿದವು. ಚಲನೆ ಮತ್ತು ವಿಕಾಸ ಎರಡನ್ನೂ ಒಂದೇ ಕಡೆ ಇಷ್ಟು ಚೆನ್ನಾಗಿ ತೋರಿಸಿದ್ದು ನಾನು ಬೇರೆ ಕಂಡಿಲ್ಲ.

ನಿಮ್ಮ ವಿಷಯಕ್ಕೆ ಬಂದರೆ, ಮೆಡಿಕಲ್ ಶಾಪ್ ಬಿಟ್ಟು ಡಾಕ್ಟರ ಹತ್ತಿರ ಹೋಗಿ. ಶೀತ ಪದೇ ಪದೇ ಬರುತ್ತಿದ್ದರೆ ಕಾರ್ಖಾನೆಯ ಧೂಳಿನ ವಿಚಾರವನ್ನೂ ಅವರಿಗೆ ಹೇಳಿ.

ಪ್ರಶ್ನೆ: ನಾನು ಕಲಬುರಗಿಯವನು. ಬೆಂಗಳೂರಿಗೆ ಬಂದು ಆರು ವರ್ಷ. ಮೇ ತಿಂಗಳಲ್ಲಿ ಊರಿಗೆ ಹೋದರೆ ಬಿಸಿಲು ತಡೆಯಲು ಆಗುವುದಿಲ್ಲ. 'ಬೆಂಗಳೂರಿನವನಾಗಿಬಿಟ್ಟೆ' ಅಂತ ಅಣ್ಣ ನಗುತ್ತಾನೆ. ನನ್ನ ಮಗ ಇಲ್ಲೇ ಹುಟ್ಟಿದವನು. ಅವನಿಗೆ ಈ ಮೆತ್ತಗಿನ ಗುಣ ನನ್ನಿಂದ ಬಂತಾ?
– ಸಾಫ್ಟ್‌ವೇರ್ ಉದ್ಯೋಗಿ, ವೈಟ್‌ಫೀಲ್ಡ್

ಅಣ್ಣನ ಮುಂದೆ ನಾಚಬೇಡಿ. ಬಿಸಿಲಿಗೆ ಒಗ್ಗುವುದು ದೇಹದ ಕೆಲಸ, ಒಂದರಿಂದ ಎರಡು ವಾರದ ಮಾತು. ದಿನಾ ಸ್ವಲ್ಪ ಬಿಸಿಲಲ್ಲಿ ಓಡಾಡಿದರೆ ಬೆವರು ಬೇಗ ಶುರುವಾಗುತ್ತದೆ, ಜಾಸ್ತಿ ಬರುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ. ರಕ್ತದ ನೀರಿನಂಶ ಹೆಚ್ಚಿ ಎದೆಬಡಿತ ಹದಕ್ಕೆ ಬರುತ್ತದೆ. ತಂಪಿಗೆ ವಾಪಸ್ ಬಂದರೆ ಕೆಲವು ವಾರದಲ್ಲಿ ಎಲ್ಲ ಹೋಗುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ, ಅದೂ ಏಸಿ ಆಫೀಸಿನಲ್ಲಿ ಕೂತ ನಿಮಗೆ ಅದು ಉಳಿದಿಲ್ಲ, ಅಷ್ಟೇ. ನಾಲ್ಕು ದಿನದ ರಜೆಗೆ ಹೋದವರಿಗೆ ದೇಹ ತಯಾರಾಗುವ ಮುಂಚೆ ವಾಪಸ್ ಟ್ರೈನ್. ಮಗನಿಗೆ ಇದು ನಿಮ್ಮಿಂದ ಬಂದದ್ದಲ್ಲ. ಅವನನ್ನು ಒಂದು ತಿಂಗಳು ಅಜ್ಜಿ ಮನೆಯಲ್ಲಿ ಬಿಟ್ಟು ನೋಡಿ, ಮೊದಲ ವಾರ ಮಧ್ಯಾಹ್ನ ಹೊರಗೆ ಬಿಡದೆ.

ತಲೆಮಾರಿಗೆ ಇಳಿಯುವ ಒಗ್ಗುವಿಕೆ ಬೇರೆ ಇದೆ. ಲೇಹ್‌ಗೆ, ಅಂದರೆ ಸುಮಾರು 3,500 ಮೀಟರ್ ಎತ್ತರಕ್ಕೆ ಹೋದ ಬೆಂಗಳೂರಿಗರಿಗೆ ಉಸಿರು ಜೋರಾಗುತ್ತದೆ, ಕೆಲವು ವಾರ ಇದ್ದರೆ ಕೆಂಪು ರಕ್ತಕಣ ಹೆಚ್ಚುತ್ತದೆ. ಇಳಿದು ಬಂದರೆ ಮುಗಿಯಿತು. ಟಿಬೆಟ್‌ನವರ ದಾರಿಯೇ ಬೇರೆ. ಅವರಲ್ಲಿ ಬಹಳ ಜನರಿಗೆ ಒಂದು ವಂಶವಾಹಿ ಬೇರೆ ರೂಪದಲ್ಲಿದೆ. ಅದರಿಂದ ಅಷ್ಟು ಎತ್ತರದಲ್ಲೂ ರಕ್ತ ಅತಿಯಾಗಿ ದಪ್ಪವಾಗುವುದಿಲ್ಲ. ಅದು ಡೆನಿಸೋವನ್ ಎಂಬ ಅಳಿದುಹೋದ ಮಾನವರ ಜೊತೆ ಕೂಡಿದ್ದರಿಂದ ಬಂದ ಬಳುವಳಿ ಎಂದು 2014ರಲ್ಲಿ ಗೊತ್ತಾಯಿತು. ಇನ್ನು ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳ ಜಾತಿ ಹಿಮಾಲಯ ದಾಟುವಾಗ 7,290 ಮೀಟರ್ ಎತ್ತರದಲ್ಲಿ ಹಾರಿದ ದಾಖಲೆ ಇದೆ. ಅದರ ಹಿಮೋಗ್ಲೋಬಿನ್ ಆಮ್ಲಜನಕವನ್ನು ಬಿಗಿಯಾಗಿ ಹಿಡಿಯುವ ಬಗೆಯದು, ಮೊಟ್ಟೆಯಿಂದಲೇ ಬಂದದ್ದು.

ಪ್ರಶ್ನೆ: ಸೊಳ್ಳೆ ಕಾಟ. ನಮ್ಮ ಕಟ್ಟಡದ ತಾರಸಿ ಟ್ಯಾಂಕಿಗೆ ಮುಚ್ಚಳ ಇಲ್ಲ. ಮಾಲೀಕರಿಗೆ ಹೇಳಿ ಸಾಕಾಯಿತು. ಅಷ್ಟು ಎತ್ತರಕ್ಕೆ ಸೊಳ್ಳೆ ಬರುವುದಿಲ್ಲ ಅನ್ನುತ್ತಾರೆ. ನಿಜವಾ?
– ಬಾಡಿಗೆದಾರರು, ಯಶವಂತಪುರ

ಸುಳ್ಳು. ನಗರದಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಎಂಬ ಸೊಳ್ಳೆಗೆ ತಾರಸಿ ಟ್ಯಾಂಕಿನ ಚೊಕ್ಕ ನೀರೇ ಇಷ್ಟ. ಅದು ನಮ್ಮ ಕಡೆಯ ಸೊಳ್ಳೆ. 2012ರಲ್ಲಿ ಆಫ್ರಿಕಾದ ಜಿಬೌಟಿಯಲ್ಲಿ ಸಿಕ್ಕಿತು, ಆಮೇಲೆ ಇಥಿಯೋಪಿಯಾ. ಆಫ್ರಿಕಾದಲ್ಲಿ ಮಲೇರಿಯಾ ಹೆಚ್ಚಾಗಿ ಹಳ್ಳಿಯ ಕಾಯಿಲೆ. ನೀರು ತುಂಬಿಡುವ ಪಾತ್ರೆಯಲ್ಲಿ ಬೆಳೆಯುವ ಈ ಸೊಳ್ಳೆ ಅದನ್ನು ಊರೊಳಗೆ ತರುತ್ತಿದೆ ಅಂತ ಅಲ್ಲಿಯವರಿಗೆ ಭಯ.

ಮಲೇರಿಯಾಕ್ಕೂ ಸೊಳ್ಳೆಗೂ ಇರುವ ನಂಟನ್ನು 1897ರಲ್ಲಿ ಸಿಕಂದರಾಬಾದಿನಲ್ಲಿ ತೋರಿಸಿದ ರೊನಾಲ್ಡ್ ರಾಸ್, ಅದಕ್ಕೆ ಮುಂಚೆ 1883ರಲ್ಲಿ ಬೆಂಗಳೂರಿನಲ್ಲಿದ್ದರು. ಬಂಗಲೆಯ ಕಿಟಕಿ ಹೊರಗಿನ ನೀರಿನ ತೊಟ್ಟಿಯಲ್ಲಿ ಮರಿಹುಳ ಕಂಡು ತೊಟ್ಟಿ ಬರಿದು ಮಾಡಿಸಿದರು, ಸೊಳ್ಳೆ ಇಳಿಯಿತು. ಉಳಿದ ಕಡೆಯೂ ಮಾಡೋಣ ಎಂದರೆ ಸೇನೆಯ ಅಧಿಕಾರಿ ಒಪ್ಪಲಿಲ್ಲವಂತೆ. ಸೊಳ್ಳೆಯನ್ನೂ ಯಾವುದೋ ಉದ್ದೇಶಕ್ಕೆ ಸೃಷ್ಟಿ ಮಾಡಿದೆ, ಸಹಿಸಿಕೊಳ್ಳಬೇಕು ಎಂದರಂತೆ. ನಿಮ್ಮ ಮಾಲೀಕರ ಪೂರ್ವಿಕರು ಇರಬಹುದು.

ಪ್ರಶ್ನೆ: ದೀಪಾವಳಿ ಸುಮಾರಿಗೆ ನೀಲಿ, ಕಪ್ಪು ಚಿಟ್ಟೆಗಳು ನೂರಾರು ಒಂದೇ ದಿಕ್ಕಿಗೆ ಹಾರಿಹೋಗುತ್ತಿದ್ದವು. ಎಲ್ಲಿಗೆ?
– ಶಿಕ್ಷಕಿ, ಕೆಂಗೇರಿ

ಪಶ್ಚಿಮಕ್ಕೆ ಹೋಗುತ್ತಿದ್ದರೆ ಘಟ್ಟದ ಕಡೆಗೆ. ಬ್ಲೂ ಟೈಗರ್, ಡಾರ್ಕ್ ಬ್ಲೂ ಟೈಗರ್, ಕಾಮನ್ ಕ್ರೋ ಇವೇ ಮುಖ್ಯ ಪಯಣಿಗರು. ಮುಂಗಾರಿಗೆ ಮುಂಚೆ ಪಶ್ಚಿಮ ಘಟ್ಟ ಬಿಟ್ಟು ಪೂರ್ವದ ಬಯಲಿಗೆ ಬರುತ್ತವೆ, ಅಲ್ಲಿನ ಜಡಿಮಳೆ ತಪ್ಪಿಸಿಕೊಂಡು. ಅಕ್ಟೋಬರ್, ನವೆಂಬರ್‌ಗೆ ವಾಪಸ್. ದಾರಿಯಲ್ಲಿ ಬೆಂಗಳೂರು ಸಿಗುತ್ತದೆ. ಬೆಂಗಳೂರಿನಲ್ಲೇ ಇರುವ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನ ಸಂಶೋಧಕರು ಪಯಣದಲ್ಲಿದ್ದ ಹೆಣ್ಣು ಚಿಟ್ಟೆಗಳನ್ನು ಪರೀಕ್ಷಿಸಿ 2018ರಲ್ಲಿ ಒಂದು ವಿಷಯ ಹೇಳಿದರು: ಹೊಟ್ಟೆಯಲ್ಲಿ ಮೊಟ್ಟೆ ತೀರಾ ಕಡಿಮೆ. ಊರು ಮುಟ್ಟುವ ತನಕ ಸಂಸಾರ ಮುಂದಕ್ಕೆ ಹಾಕಿರುತ್ತವೆ. ಮೊಟ್ಟೆಗೆ ಹೋಗಬೇಕಾದ ಶಕ್ತಿ ರೆಕ್ಕೆಗೆ ಹೋಗುತ್ತದೆ.

ಅದೇ ಹೊತ್ತಲ್ಲಿ ಮೈದಾನದ ಮೇಲೆ ಗುಂಪು ಗುಂಪಾಗಿ ಸುತ್ತುವ ಹಳದಿ ಏರೋಪ್ಲೇನ್ ಚಿಟ್ಟೆಗಳನ್ನೂ ನೋಡಿರಬೇಕು. ಮಕ್ಕಳು ಬಾಲಕ್ಕೆ ದಾರ ಕಟ್ಟುವುದು ಇವಕ್ಕೇ, ದಯವಿಟ್ಟು ತಡೆಯಿರಿ. ಇವುಗಳ ಜಾತಿ ಹಿಂಗಾರಿನ ಗಾಳಿ ಹಿಡಿದು ಸಮುದ್ರ ದಾಟಿ, ಮಾಲ್ಡೀವ್ಸ್ ಮೇಲೆ ಪೂರ್ವ ಆಫ್ರಿಕಾ ತನಕ ಹೋಗುತ್ತದೆ ಎಂದು ಚಾರ್ಲ್ಸ್ ಆಂಡರ್ಸನ್ ಎಂಬ ಜೀವಶಾಸ್ತ್ರಜ್ಞ 2009ರಲ್ಲಿ ಬರೆದರು. ಮಾಲ್ಡೀವ್ಸ್‌ನಲ್ಲಿ ಇವು ಮೊಟ್ಟೆ ಇಡುವಂಥ ಕೆರೆಕುಂಟೆ ಇಲ್ಲವೆನ್ನುವಷ್ಟು ಕಡಿಮೆ, ಆದರೂ ಪ್ರತಿ ಅಕ್ಟೋಬರಿಗೆ ಲಕ್ಷಗಟ್ಟಲೆ ಇಳಿಯುತ್ತವೆ, ಅದನ್ನು ನೋಡಿಯೇ ಅವರಿಗೆ ಅನುಮಾನ ಬಂದದ್ದು. ಹೋಗಿ ಬರುವ ಸುತ್ತು 14,000ದಿಂದ 18,000 ಕಿಲೋಮೀಟರ್, ನಾಲ್ಕು ತಲೆಮಾರಿನ ಪಯಣ ಎಂದು ಅವರ ಅಂದಾಜು. ಹೊರಟದ್ದು ವಾಪಸ್ ಬರುವುದಿಲ್ಲ. ದಾರಿಯಲ್ಲಿ ಮಳೆನೀರಿನ ಹೊಂಡದಲ್ಲಿ ಹುಟ್ಟಿದ ಮೊಮ್ಮಗ ಬರುತ್ತದೆ, ಯಾರೂ ದಾರಿ ತೋರಿಸದೆ.

ಪ್ರಶ್ನೆ: ಕಾಗೆ, ಪಾರಿವಾಳ ಎಲ್ಲ ನಗರಕ್ಕೆ ಹೊಂದಿಕೊಂಡಿವೆ. ಕಾಡುಪಾಪ ಯಾಕೆ ಹೊಂದಿಕೊಳ್ಳುತ್ತಿಲ್ಲ?
– ನಿವೃತ್ತ ಬ್ಯಾಂಕ್ ಉದ್ಯೋಗಿ, ಮಲ್ಲೇಶ್ವರ

ನಿಮ್ಮ ಪಕ್ಕದ ಐಐಎಸ್‌ಸಿ ಆವರಣದಲ್ಲಿ, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಇನ್ನೂ ಇವೆ. ರಾತ್ರಿ ಟಾರ್ಚ್ ಬಿಟ್ಟರೆ ಎರಡು ಕೆಂಪು ಕಣ್ಣು ಹೊಳೆಯುತ್ತವೆ. ಆದರೆ ಕಾಡುಪಾಪ ಜಿಗಿಯುವುದಿಲ್ಲ. ಒಂದು ಕೊಂಬೆಯನ್ನು ಹಿಡಿದ ಕೈ ಬಿಡುವ ಮುಂಚೆ ಇನ್ನೊಂದು ಕೈಗೆ ಕೊಂಬೆ ಸಿಗಬೇಕು. ಮರಗಳ ನಡುವೆ ರಸ್ತೆ ಅಗಲವಾದರೆ ಅದು ನೆಲಕ್ಕಿಳಿಯಬೇಕು, ಇಲ್ಲ ಕರೆಂಟ್ ತಂತಿ ಹಿಡಿಯಬೇಕು. ನೆಲದಲ್ಲಿ ನಾಯಿ, ಮೇಲೆ ಕರೆಂಟ್. ತಲೆಮಾರು ಕಳೆದರೆ ಬದಲಾಗಬಹುದಲ್ಲ ಅನ್ನಬೇಡಿ. ಒಂದು ಸಲಕ್ಕೆ ಒಂದೋ ಎರಡೋ ಮರಿ, ಗರ್ಭ ಐದೂವರೆ ತಿಂಗಳು. ನಾವು ರಸ್ತೆ ಅಗಲ ಮಾಡುವ ವೇಗಕ್ಕೆ ಈ ಲೆಕ್ಕ ಹೊಂದುವುದಿಲ್ಲ. ರಸ್ತೆಯ ಎರಡೂ ಬದಿಯ ಕೊಂಬೆ ಕೂಡಿರುವ ಕಡೆ ಕತ್ತರಿ ಹಾಕಬೇಡಿ ಅಂತ ನಿಮ್ಮ ವಾರ್ಡಿನಲ್ಲಿ ಒಂದು ಅರ್ಜಿ ಕೊಡಿ.

ಪ್ರಶ್ನೆ: ಮೈಕ್ರೋಸ್ಕೋಪ್ ಇಲ್ಲದೆ ಮನೆಯಲ್ಲೇ ಗಿಡದ ಚಲನೆ ನೋಡುವುದು ಹೇಗೆ ಆಂಟಿ?
– 7ನೇ ತರಗತಿ ಹುಡುಗಿ, ರಾಜಾಜಿನಗರ

ಹೆಸರುಕಾಳು ರಾತ್ರಿ ನೆನೆಹಾಕು. ಮೊಳಕೆ ಬಂದು ಬೇರು ಎರಡು ಬೆರಳು ಅಗಲ ಉದ್ದವಾದಾಗ, ನೆಟ್ಟಗಿರುವ ಒಂದನ್ನು ಆರಿಸು. ಪಾರದರ್ಶಕ ಡಬ್ಬಿಯ ಒಳಗೋಡೆಗೆ ಒದ್ದೆ ಟಿಶ್ಯೂ ಅಂಟಿಸಿ, ಅದರ ಮೇಲೆ ಬೇರು ಅಡ್ಡಡ್ಡ ಬರುವ ಹಾಗೆ ಇಡು. ಮುಚ್ಚಿ ಕಪಾಟಿನಲ್ಲಿ ಇಡು. ಬೇರಿನ ತುದಿ ಇದ್ದ ಜಾಗಕ್ಕೆ ಹೊರಗಿನಿಂದ ಸ್ಕೆಚ್‌ಪೆನ್ನಿನ ಚುಕ್ಕೆ. ಗಂಟೆಗೊಮ್ಮೆ ನೋಡಿ ಹೊಸ ಚುಕ್ಕೆ ಇಡು. ಸಂಜೆಯೊಳಗೆ ತುದಿ ಕೆಳಕ್ಕೆ ಬಾಗಿರುತ್ತದೆ.

ಬೇರಿನ ತುದಿಯ ಟೊಪ್ಪಿಯಲ್ಲಿ ಪಿಷ್ಟದ ಭಾರದ ಕಾಳುಗಳಿವೆ. ಬೇರು ಅಡ್ಡವಾದರೆ ಅವು ಕೆಳಬದಿಗೆ ಕುಸಿಯುತ್ತವೆ. ಆಗ ಆಕ್ಸಿನ್ ಎಂಬ ರಾಸಾಯನಿಕ ಕೆಳಬದಿಯಲ್ಲಿ ಜಾಸ್ತಿ ಸೇರಿ ಅಲ್ಲಿ ಬೆಳವಣಿಗೆ ನಿಧಾನವಾಗುತ್ತದೆ. ಮೇಲಿನ ಬದಿ ಬೆಳೆಯುತ್ತಲೇ ಇರುವುದರಿಂದ ಬೇರು ಕೆಳಕ್ಕೆ ಬಾಗುತ್ತದೆ. ತುದಿ ಇಲ್ಲದಿದ್ದರೆ ಬೇರಿಗೆ ಕೆಳಗೆ ಯಾವುದೆಂದು ತಿಳಿಯುವುದಿಲ್ಲ ಅಂತ ಚಾರ್ಲ್ಸ್ ಡಾರ್ವಿನ್ ತಮ್ಮ ಮಗ ಫ್ರಾನ್ಸಿಸ್ ಜೊತೆ ಸೇರಿ 1880ರಲ್ಲೇ ತೋರಿಸಿದ್ದರು. ನೀನೂ ಇನ್ನೊಂದು ಮೊಳಕೆಯ ತುದಿಯನ್ನು ಒಂದು ಮಿಲಿಮೀಟರ್ ಬ್ಲೇಡಿನಿಂದ ಅಮ್ಮನ ಕೈಲಿ ಕೊಯ್ಯಿಸಿ ಪಕ್ಕದಲ್ಲೇ ಇಡು. ಎರಡರ ಚುಕ್ಕೆಗಳನ್ನೂ ಹಾಳೆಗೆ ಇಳಿಸಿಕೊಂಡು ನನಗೆ ಕಳಿಸು.